ಎಲ್ಲಿಗೆ ಅಂತ ಆಮೇಲೆ, ಎಲ್ಲಿಂದ ಹತ್ತೋದು ಅಂತ ಮೊದಲು

ನಗರಗೆರೆ ಹೋಬಳಿಯಲ್ಲಿ ಹಡಗಿನ ಮಾತೆತ್ತಿದರೆ ಯಾರಿಗಾದರೂ ಮೊದಲು ನಗು ಬರುತ್ತದೆ. ಬೋರ್‌ವೆಲ್ ಸಾವಿರ ಅಡಿ ದಾಟಿದರೂ ಧೂಳೇ ಹಾರುವ ಸೀಮೆ ಇದು. ನಂದಿಯ ಕಡೆಯಿಂದ ಇಳಿದು ಗೌರಿಬಿದನೂರು ಹಾದು ಹಿಂದೂಪುರದತ್ತ ಹೋಗುವ ಉತ್ತರ ಪಿನಾಕಿನಿ ತುಂಬಿ ಹರಿದ ವರ್ಷ ಸೇತುವೆ ಮೇಲೆ ನಿಂತು ಫೋಟೊ ತೆಗೆಸಿಕೊಂಡ ಜನ ನಾವು. ಅಂಥ ಕಡೆಯಿಂದ ಈಚೆಗೆ ನನಗೆ ಮೇಲಿಂದ ಮೇಲೆ ಬರುತ್ತಿರುವ ಪ್ರಶ್ನೆ ಒಂದೇ: "ಸಾರ್, ಕ್ರೂಸ್‌ಗೆ ಹೋಗೋದಾದ್ರೆ ಎಲ್ಲಿಗೆ ಹೋಗಬೇಕು?"

ಕೇಳುವವರು ಪ್ರವಾಸಕ್ಕೆ ಹೊಸಬರಲ್ಲ. ರಿಟೈರಾದ ಮೇಷ್ಟ್ರುಗಳು, ರೇಷ್ಮೆ ಇಲಾಖೆಯಲ್ಲಿದ್ದವರು, ನಾನು ಬ್ಯಾಂಕಿನ ಕೌಂಟರಿನಲ್ಲಿದ್ದಾಗ ಪಾಸ್‌ಬುಕ್ ಹಿಡಿದು ಬರುತ್ತಿದ್ದವರು. ಕಾಶಿ, ರಾಮೇಶ್ವರ, ಬದರಿ, ಕೇದಾರ ಎಲ್ಲ ಮುಗಿಸಿದ್ದಾರೆ. 2022ರ ನವೆಂಬರಿನಲ್ಲಿ ಭಾರತ್ ಗೌರವ್ ಕಾಶಿ ದರ್ಶನ ರೈಲು ಶುರುವಾದಾಗ 20 ಸಾವಿರದ ಪ್ಯಾಕೇಜಿಗೆ ಸರ್ಕಾರ 5 ಸಾವಿರ ಕೊಡುತ್ತದೆ ಅನ್ನುವುದನ್ನು ನನಗೇ ಹೇಳಿಕೊಟ್ಟವರು. ಮಗಳ ಬಾಣಂತನಕ್ಕೆ ಅಂತ ಅಮೆರಿಕ ನೋಡಿ ಬಂದ ದಂಪತಿಗಳೂ ಇದ್ದಾರೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಬಸ್ಸಿನಲ್ಲಿ ತಲೆ ಎಣಿಸಿಕೊಂಡು, ಲಗೇಜು ಹೊತ್ತು ಓಡಾಡಿದ್ದು ಅವರಿಗೆ ಸಾಕಾಗಿದೆ. ಈಗ ಒಂದು ಕಡೆ ಕೂರಬೇಕು, ನೀರು ನೋಡಬೇಕು, ಹೊತ್ತಿಗೆ ಸರಿಯಾಗಿ ಊಟ ಬರಬೇಕು.

ಇಷ್ಟೇ ಬೇಕಾಗಿದ್ದರೆ ಪ್ರಶ್ನೆಯನ್ನೇ ಸ್ವಲ್ಪ ತಿರುಗಿಸಿ ಕೇಳಬೇಕು ಅಂತ ನನ್ನ ವಾದ. ಹಡಗು ಎಲ್ಲೆಲ್ಲಿ ನಿಲ್ಲುತ್ತದೆ ಅನ್ನುವ ಪಟ್ಟಿ ನೋಡಿ ದುಡ್ಡು ಕೊಡಬೇಡಿ. ಎಲ್ಲಿಂದ ಹೊರಡುತ್ತದೆ, ನಡುವೆ ಎಷ್ಟು ದಿನ ಎಲ್ಲೂ ನಿಲ್ಲದೆ ಬರೀ ಸಮುದ್ರದಲ್ಲಿರುತ್ತದೆ, ಈ ಎರಡನ್ನು ನೋಡಿ. ಐದು ರಾತ್ರಿಯಲ್ಲಿ ನಾಲ್ಕು ಬಂದರು ತೋರಿಸುವ ಹಡಗು ನಮ್ಮ ಹಳೆಯ ಟೂರಿಸ್ಟ್ ಬಸ್ಸಿನ ಅಣ್ಣ. ಬೆಳಿಗ್ಗೆ ಇಳಿಸುತ್ತದೆ, ಸಂಜೆಯೊಳಗೆ ವಾಪಸ್ ಹತ್ತಿಸಿಕೊಳ್ಳುತ್ತದೆ, ತಡವಾದರೆ ಬಿಟ್ಟೇ ಹೋಗುತ್ತದೆ. ನವಮಂಗಳೂರು ಬಂದರಿಗೆ ಚಳಿಗಾಲದಲ್ಲಿ ಬರುವ ವಿದೇಶಿ ಹಡಗುಗಳ ಪ್ರಯಾಣಿಕರನ್ನು ನೋಡಿದರೆ ಗೊತ್ತಾಗುತ್ತದೆ. ಒಂದೇ ಹಗಲಿನಲ್ಲಿ ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ, ಕುದ್ರೋಳಿ ದೇವಸ್ಥಾನ. ಬಿಸಿಲಿಗೆ ಕೆಂಪಗಾಗಿ, ಬೆವರು ಒರೆಸಿಕೊಳ್ಳುತ್ತಾ ಓಡುವ ಆ ಅಜ್ಜ ಅಜ್ಜಿಯರು ಬಂದದ್ದು ವಿಶ್ರಾಂತಿಗೆ ಅಂದರೆ ನಂಬುವುದು ಕಷ್ಟ.

ಈಗ ಲೆಕ್ಕಕ್ಕೆ ಬರೋಣ. ಜಾಹೀರಾತಿನಲ್ಲಿ ತಲೆಗೆ 30 ಸಾವಿರ ಅಂತಿದೆ ಅಂದುಕೊಳ್ಳಿ. ಅದು ಒಂದು ಕ್ಯಾಬಿನ್‌ನಲ್ಲಿ ಇಬ್ಬರಿದ್ದಾಗಿನ ದರ. ಒಬ್ಬರೇ ಹೋಗುವವರು ಹೆಚ್ಚುಕಡಿಮೆ ಎರಡರಷ್ಟು ತೆರಬೇಕಾಗುತ್ತದೆ. ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡವರಿಗೆ ಇದನ್ನು ಮೊದಲೇ ಯಾರೂ ಹೇಳುವುದಿಲ್ಲ. ಅಂಥವರು ಅಕ್ಕನನ್ನೋ ಹಳೆಯ ಸಹೋದ್ಯೋಗಿಯನ್ನೋ ಜೊತೆ ಮಾಡಿಕೊಂಡರೆ ಉಳಿಯುವ ದುಡ್ಡು ಸಣ್ಣದಲ್ಲ. ಇಬ್ಬರಿಗೆ 60 ಸಾವಿರ ಆಯಿತು. ಅದರ ಮೇಲೆ ಬಂದರು ಶುಲ್ಕ, ಜಿಎಸ್‌ಟಿ, ಸಿಬ್ಬಂದಿಯ ಟಿಪ್ಸು. ಟಿಪ್ಸು ಇಲ್ಲಿ ಖುಷಿಗೆ ಕೊಡುವುದಲ್ಲ, ರಾತ್ರಿಗೆ ಇಷ್ಟು ಅಂತ ತಾನಾಗಿ ಬಿಲ್ಲಿಗೆ ಸೇರಿಕೊಳ್ಳುತ್ತದೆ. ವಿದೇಶಿ ಹಡಗುಗಳಲ್ಲಿ ಸಾಮಾನ್ಯವಾಗಿ ತಲೆಗೆ ಹದಿನೈದರಿಂದ ಇಪ್ಪತ್ತು ಡಾಲರ್. ಇಬ್ಬರಿಗೆ ನಾಲ್ಕು ರಾತ್ರಿಗೆ ಹತ್ತು ಸಾವಿರ ರೂಪಾಯಿ ದಾಟಿತು. ಬಂದರು ಇರುವ ಊರಿಗೆ ಹೋಗಿಬರುವ ಖರ್ಚು, ಹಿಂದಿನ ರಾತ್ರಿಯ ಲಾಡ್ಜು, ವೈಫೈ, ವಿಮೆ ಬೇರೆ. ಹಾಗಾಗಿ ಜಾಹೀರಾತಿನ ಅಂಕಿಗೆ ಅರ್ಧ ಸೇರಿಸಿ ನೋಡಿ, ಆಮೇಲೂ ಹೋಗಬೇಕು ಅನ್ನಿಸಿದರೆ ಹೋಗಿ ಅನ್ನುತ್ತೇನೆ ನಾನು.

ಹಡಗಿನೊಳಗೆ ನಗದು ನಡೆಯುವುದಿಲ್ಲ. ಹತ್ತುವಾಗಲೇ ಒಂದು ಕಾರ್ಡು ಕೊಡುತ್ತಾರೆ. ಕೋಣೆಯ ಬಾಗಿಲಿಗೂ ಅದೇ, ಒಂದು ಲೋಟ ಕಬ್ಬಿನ ಹಾಲಿಗೂ ಅದೇ. ನಾನೂ ಹೆಂಡತಿಯೂ ಸಿಂಗಪುರದಿಂದ ಹಡಗಿನಲ್ಲಿ ಹೋಗಿದ್ದಾಗ ಕೊನೆಯ ಬೆಳಿಗ್ಗೆ ಬಾಗಿಲ ಸಂದಿನಿಂದ ಒಂದು ಹಾಳೆ ಒಳಗೆ ಜಾರಿ ಬಂತು. ಅದರಲ್ಲಿ ನಾವು ಕುಡಿದ ಕಾಫಿಯ ಹೊತ್ತು ಸಮೇತ ನಮೂದಾಗಿತ್ತು. ನನ್ನ ಹೆಂಡತಿ ಕನ್ನಡಕ ಹಾಕಿಕೊಂಡು ಸಾಲು ಸಾಲಾಗಿ ಓದಿ, "ಇದು ನಮ್ಮದಲ್ಲ ಕಣ್ರೀ" ಅಂತ ಒಂದು ಸಾಲಿನ ಮೇಲೆ ಬೆರಳಿಟ್ಟಳು. ಕೌಂಟರಿಗೆ ಹೋಗಿ ಕೇಳಿದ ಮೇಲೆ ತೆಗೆದರು. ಇಳಿದು ಬಂದ ಮೇಲೆ ಕೇಳಿದ್ದರೆ ಮೇಲ್ ಬರೆಯುತ್ತಾ ಕೂರಬೇಕಿತ್ತು. ಅದಕ್ಕೆ ದಿನಾ ಸಂಜೆ ಆ ಲೆಕ್ಕ ತೆಗೆಸಿ ನೋಡುವುದು ಒಳ್ಳೆಯದು. ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟುವಾಗ "ರೂಪಾಯಿಯಲ್ಲಾ, ಡಾಲರಲ್ಲಾ" ಅಂತ ಕೇಳಿದರೆ ಡಾಲರ್ ಅನ್ನಿ. ರೂಪಾಯಿ ಅಂದಿರೋ, ಅಲ್ಲಿಯವರು ಹಾಕಿದ್ದೇ ವಿನಿಮಯ ದರ. ಮೊಬೈಲನ್ನು ಫ್ಲೈಟ್ ಮೋಡ್‌ನಲ್ಲಿಡಿ. ನಡುನೀರಿನಲ್ಲಿ ಅದು ಹಡಗಿನ ಉಪಗ್ರಹ ಜಾಲಕ್ಕೆ ಜೋತುಬಿದ್ದರೆ ಬರುವ ರೋಮಿಂಗ್ ಬಿಲ್ಲು ನೋಡಿ ತಲೆ ತಿರುಗೀತು, ಅದಕ್ಕೆ ಅಲೆಯೇ ಬೇಕಾಗಿಲ್ಲ.

ವಿದೇಶದ ಪ್ಯಾಕೇಜಾದರೆ ಟಿಸಿಎಸ್ ಅನ್ನುವ ತೆರಿಗೆ ಮುಂಗಡವಾಗಿ ಹಿಡಿಯುತ್ತಾರೆ. 2023ರ ಅಕ್ಟೋಬರಿನಿಂದ ಏಳು ಲಕ್ಷದವರೆಗೆ ಶೇ. 5, ಅದರ ಮೇಲೆ ಶೇ. 20 ಇತ್ತು. 2025ರ ಏಪ್ರಿಲಿನಲ್ಲಿ ಆ ಮಿತಿ ಹತ್ತು ಲಕ್ಷವಾಯಿತು. ಬಜೆಟ್ಟು ಬಂದಾಗಲೆಲ್ಲ ಇದಕ್ಕೆ ಕೈ ಹಾಕುತ್ತಾರೆ, ಬುಕ್ ಮಾಡುವ ದಿನದ ದರ ಕೇಳಿಕೊಳ್ಳಿ. ಮುಖ್ಯ ವಿಷಯ ಏನೆಂದರೆ ಆ ದುಡ್ಡು ನಿಮ್ಮದೇ. ಪ್ಯಾನ್ ನಂಬರಿನಡಿ ಫಾರ್ಮ್ 26ಎಎಸ್‌ನಲ್ಲಿ ಕಾಣಿಸುತ್ತದೆ, ರಿಟರ್ನ್ ಹಾಕಿದರೆ ತೆರಿಗೆಗೆ ಹೊಂದಿಕೆಯಾಗುತ್ತದೆ, ಮಿಕ್ಕಿದ್ದು ವಾಪಸ್ ಬರುತ್ತದೆ. ನಮ್ಮ ಕಡೆ ಪಿಂಚಣಿದಾರರು "ನನಗೆ ಟ್ಯಾಕ್ಸೇ ಬರಲ್ಲ" ಅಂತ ರಿಟರ್ನ್ ಹಾಕುವುದೇ ಇಲ್ಲ. ಅವರ ದುಡ್ಡು ಅಲ್ಲೇ ಉಳಿಯುತ್ತದೆ.

ದುಡ್ಡು ಎಲ್ಲಿಂದ ತರುತ್ತೀರಿ ಅಂತ ನಾನು ಕೇಳಿದಾಗ ಬಹಳ ಜನ ಹೇಳಿದ್ದು "ಚೀಟಿ ಇದೆಯಲ್ಲ ಸಾರ್, ಎತ್ತಿಬಿಡ್ತೀವಿ" ಅಂತ. ಎರಡು ಲಕ್ಷದ ಚೀಟಿಯನ್ನು ಅವಸರಕ್ಕೆ 40 ಸಾವಿರ ಬಿಟ್ಟು ಕೂಗಿದರೆ ಕೈಗೆ ಬರುವುದು 1,60,000. ಮದುವೆಗೋ ಆಸ್ಪತ್ರೆಗೋ ಆದರೆ ಒಪ್ಪಬಹುದು. ಆರಾಮವಾಗಿ ಕೂರಲು ಹೋಗುವವನಿಗೆ ಯಾವ ಅವಸರ? ಸೀನಿಯರ್ ಸಿಟಿಜನ್ ಸೇವಿಂಗ್ಸ್ ಸ್ಕೀಮಿನ ದರ 2023ರ ಏಪ್ರಿಲಿನಲ್ಲಿ ಶೇ. 8.2 ಆಯಿತು. ಆಗ ಅದರಲ್ಲಿ 15 ಲಕ್ಷ ಇಟ್ಟವರಿಗೆ ಮೂರು ತಿಂಗಳಿಗೊಮ್ಮೆ 30,750 ರೂಪಾಯಿ ಬಡ್ಡಿ ಬರುತ್ತಿದೆ. ಅಂಥ ಮೂರು ಕಂತು ಮುಟ್ಟದೆ ಇಟ್ಟರೆ ಇಬ್ಬರ ಪ್ರಯಾಣ ಮುಗಿಯಿತು, ಅಸಲು ಇದ್ದ ಹಾಗೇ ಇರುತ್ತದೆ. ನಾವೂ ಹೀಗೇ ಮಾಡಿದ್ದು.

ಇನ್ನು ಬಂದರು. ಗೌರಿಬಿದನೂರಿನ ಮೇಲೆಯೇ ಹಾದುಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿದರೆ ಮುಂಬಯಿ. ಅಲ್ಲಿಂದ 2021ರ ಸೆಪ್ಟೆಂಬರಿನಲ್ಲಿ ಕಾರ್ಡೀಲಿಯಾ ಕಂಪನಿಯವರ ಎಂಪ್ರೆಸ್ ಹಡಗು ಓಡಲು ಶುರುವಾಯಿತು. 1990ರಲ್ಲಿ ಸೇವೆಗೆ ಬಂದ ಹಳೆಯ ಹಡಗು, ಗೋವಾಕ್ಕೂ ಲಕ್ಷದ್ವೀಪಕ್ಕೂ ಹೋಗುತ್ತದೆ. ವಾರಾಂತ್ಯದ ಗೋವಾ ಪ್ರಯಾಣ ಹುಡುಗರಿಗೆ ಬಿಡಿ. ಲಕ್ಷದ್ವೀಪದ ಕಡೆ ಹೋಗುವುದರಲ್ಲಿ ನಡುವೆ ಇಡೀ ಹಗಲು ನೀರೇ ಇರುತ್ತದೆ, ನಮ್ಮ ವಯಸ್ಸಿನವರಿಗೆ ಅದೇ ಸರಿ. ಮಳೆಗಾಲದಲ್ಲಿ ಅರಬ್ಬೀ ಸಮುದ್ರ ಕೆಡುವುದರಿಂದ ಈ ಹಡಗು ಚೆನ್ನೈ ಕಡೆ ಹೋಗಿ ಶ್ರೀಲಂಕಾಕ್ಕೆ ಓಡಿದ್ದೂ ಉಂಟು. ಚೆನ್ನೈ ಹತ್ತಿರ ಅನ್ನುವುದೇನೋ ನಿಜ, ಪಾಸ್‌ಪೋರ್ಟು ಮಾತ್ರ ಬೇಕು.

ಹಗಲೆಲ್ಲ ಬರೀ ನೀರು ಅನ್ನುವ ನನ್ನ ಲೆಕ್ಕಕ್ಕೆ ಹೊಂದದಿದ್ದರೂ ನನಗೆ ಇಷ್ಟವಾದದ್ದು ಕೊಚ್ಚಿ. ಲಕ್ಷದ್ವೀಪ ಆಡಳಿತದ ಪ್ರವಾಸೋದ್ಯಮ ಸಂಸ್ಥೆ 'ಸ್ಪೋರ್ಟ್ಸ್' ನಡೆಸುವ 'ಸಮುದ್ರಂ' ಪ್ಯಾಕೇಜು ಅಲ್ಲಿಂದ ಹೊರಡುತ್ತದೆ. ಎಂ.ವಿ. ಕವರತ್ತಿ, ವಿಶಾಖಪಟ್ಟಣದಲ್ಲಿ ಕಟ್ಟಿದ 700 ಜನರ ಹಡಗು. ರಾತ್ರಿ ಹಡಗಿನಲ್ಲಿ ನಿದ್ದೆ, ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್ ದ್ವೀಪಗಳಲ್ಲಿ. ಕ್ಯಾಸಿನೊ ಇಲ್ಲ, ಡ್ಯಾನ್ಸು ಇಲ್ಲ, ಜನವಸತಿಯ ದ್ವೀಪಗಳಲ್ಲಿ ಮದ್ಯವೂ ಇಲ್ಲ. ಮಿನಿಕಾಯ್‌ನಲ್ಲಿ 1885ರ ದೀಪಸ್ತಂಭ ಇದೆ. ಬೆಂಗಳೂರಿನಿಂದ ಕೊಚ್ಚಿಯ ಮೇಲೆ ಕನ್ಯಾಕುಮಾರಿಗೆ ಹೋಗುವ ರೈಲನ್ನು ಹಳಬರು ಐಲ್ಯಾಂಡ್ ಎಕ್ಸ್‌ಪ್ರೆಸ್ ಅನ್ನುವುದು ಅದು ಮೊದಲು ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನ ತನಕ ಹೋಗುತ್ತಿದ್ದರಿಂದ. ಲಕ್ಷದ್ವೀಪದವರ ಕೊಚ್ಚಿ ಕಚೇರಿ ಇರುವುದೂ ಆ ದ್ವೀಪದಲ್ಲೇ. ಇನ್ನೊಂದು ಮಾತು, ಅಮಿನಿ, ಕಡಮತ್, ಕಿಲ್ತಾನ್ ಇತ್ಯಾದಿ ಅಮಿನ್‌ದೀವಿ ದ್ವೀಪಗಳು 1956ರ ತನಕ ಮಂಗಳೂರು ಕೇಂದ್ರವಾಗಿದ್ದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಹಾಗೇ ಉಳಿದಿದ್ದರೆ ದ್ವೀಪಕ್ಕೆ ಹೋಗಲು ಪರ್ಮಿಟ್ಟೂ ಬೇಕಾಗುತ್ತಿರಲಿಲ್ಲವೇನೋ. ಈಗ ಬೇಕು, ಪ್ಯಾಕೇಜಿನವರೇ ಮಾಡಿಸುತ್ತಾರೆ.

ಆದರೆ ಕೊಚ್ಚಿಯ ಪ್ರಯಾಣಕ್ಕೆ ಒಂದು ಷರತ್ತಿದೆ, ಮೊಣಕಾಲು. ದ್ವೀಪಗಳ ಸುತ್ತ ಹವಳದ ದಿಬ್ಬ, ಅದರೊಳಗೆ ತೆಳು ನೀರು. ದೊಡ್ಡ ಹಡಗು ಹೊರಗೇ ನಿಲ್ಲುತ್ತದೆ. ಹಡಗಿನ ಪಕ್ಕದ ಬಾಗಿಲು ತೆಗೆದರೆ ಕೆಳಗೆ ಸಣ್ಣ ದೋಣಿ ಏಳುತ್ತಾ ಬೀಳುತ್ತಾ ಇರುತ್ತದೆ. ಆಳೆತ್ತರ ಕೆಳಗಿದ್ದದ್ದು ಮರುಕ್ಷಣ ಹೊಸ್ತಿಲ ಮಟ್ಟಕ್ಕೆ ಬರುತ್ತದೆ. ಇಬ್ಬರು ಹುಡುಗರು ನಿಮ್ಮ ಎರಡೂ ಮುಂಗೈ ಬಿಗಿಯಾಗಿ ಹಿಡಿದು, ಅಲೆ ಎತ್ತುವ ತನಕ ಕಾದು, ಒಂದು ಕೂಗು ಹಾಕುತ್ತಾರೆ. ಆಗ ಹೆಜ್ಜೆ ಎತ್ತಿಡಬೇಕು, ಯೋಚಿಸುತ್ತಾ ನಿಂತರೆ ದೋಣಿ ಕೆಳಗೆ ಹೋಗಿರುತ್ತದೆ. ನನ್ನ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ದಾಟಿದಳು. ನಾನು ಎರಡು ಅಲೆ ಬಿಟ್ಟೆ. ಹತ್ತುವಾಗಲೂ ಇದೇ, ದಿನಾ ಇದೇ. ಮಂಡಿ ಆಪರೇಷನ್ ಆದವರಿಗೆ, ಕಣ್ಣಿನ ಪೊರೆ ತೆಗೆಸಿಕೊಂಡು ಇನ್ನೂ ಅಂದಾಜು ಕೂಡದವರಿಗೆ ಈ ಹಡಗು ಬೇಡ.

ಅವರಿಗೆ ನಾನು ಹೇಳುವುದು ಆಲಪ್ಪುಳದ ಹೌಸ್‌ಬೋಟ್. ಹಡಗಲ್ಲ ಅಂತ ಮೂಗು ಮುರಿಯಬೇಡಿ. ಮೀನುಗಾರರ ಬಲೆಗಳಿಗಾಗಿ ಸಂಜೆಯಾಗುತ್ತಲೇ ದೋಣಿ ದಡಕ್ಕೆ ಕಟ್ಟುತ್ತಾರೆ, ರಾತ್ರಿ ಅಲುಗಾಟವಿಲ್ಲ. ಅಡುಗೆಯವನು ನಿಮ್ಮ ಎದುರಿಗೇ ಇರುತ್ತಾನೆ, ಹುಳಿ ಕಡಿಮೆ ಹಾಕಪ್ಪ ಅಂದರೆ ಕಡಿಮೆಯೇ ಹಾಕುತ್ತಾನೆ. ಎರಡು ಜೋಡಿ ಸೇರಿ ಎರಡು ಕೋಣೆಯ ದೋಣಿ ಹಿಡಿದರೆ ಖರ್ಚು ಹಂಚಿಹೋಗುತ್ತದೆ. ಗಂಗೆಯ ಮೇಲೆ 2023ರ ಜನವರಿಯಲ್ಲಿ ವಾರಾಣಸಿಯಿಂದ ದಿಬ್ರುಗಢಕ್ಕೆ ಹೊರಟ ಗಂಗಾ ವಿಲಾಸ್ ಬಗ್ಗೆಯೂ ಒಬ್ಬರು ಕೇಳಿದರು. 51 ದಿನ, 3,200 ಕಿಲೋಮೀಟರ್, 36 ಜನ. ಅದರ ಟಿಕೆಟ್ಟಿನ ದರ ಹೇಳಿದ ಮೇಲೆ ಅವರು ಕಾಫಿ ಕುಡಿದು ಎದ್ದರು.

ಸದ್ಯ ಗೌರಿಬಿದನೂರು, ನಗರಗೆರೆಯ ಮೂರು ಜೋಡಿಗಳು ಫೆಬ್ರವರಿಗೆ ಕೊಚ್ಚಿ ಅಂತ ತೀರ್ಮಾನಿಸಿದ್ದಾರೆ. ಹಡಗಿನ ನಡುಭಾಗದ, ಕೆಳಗಿನ ಡೆಕ್ಕಿನ ಕ್ಯಾಬಿನ್ ಕೇಳಿ, ಅಲ್ಲಿ ತೂಗಾಟ ಕಡಿಮೆ ಅಂದಿದ್ದೇನೆ. ವಾಂತಿಯ ಮಾತ್ರೆಯನ್ನು ಡಾಕ್ಟರನ್ನು ಕೇಳಿ, ಬಿಪಿ ಮಾತ್ರೆಯ ಜೊತೆ ಹೊಂದುತ್ತದೋ ನೋಡಿಕೊಂಡೇ ತೆಗೆದುಕೊಳ್ಳಲು ಹೇಳಿದ್ದೇನೆ. ನಾಲ್ಕನೆಯ ಜೋಡಿಯ ಯಜಮಾನರು ಇನ್ನೂ ಸಿಂಗಪುರ ಅನ್ನುತ್ತಿದ್ದಾರೆ. ಅವರ ಪಾಸ್‌ಪೋರ್ಟು ಮುಗಿಯಲು ಆರು ತಿಂಗಳೂ ಉಳಿದಿಲ್ಲ, ಮೊದಲು ಅದನ್ನು ರಿನ್ಯೂ ಮಾಡಿಸಿಕೊಳ್ಳಿ ಅಂತ ಕಳಿಸಿದ್ದೇನೆ.