ಒಂದು ರಾತ್ರಿಯ ಹಡಗಿಗೆ ಒಂದು ವಾರದ ಲೆಕ್ಕ

ಕೊಚ್ಚಿಯಿಂದ ಕವರತ್ತಿಗೆ ಸಮುದ್ರದ ಮೇಲೆ 404 ಕಿಲೋಮೀಟರ್. ವಿಲ್ಲಿಂಗ್ಡನ್ ದ್ವೀಪದ ಧಕ್ಕೆಯಲ್ಲಿ ಹಡಗು ಹತ್ತಿ ಒಂದು ರಾತ್ರಿ ಕಳೆದರೆ ಲಕ್ಷದ್ವೀಪ. ಯಾವ ದ್ವೀಪಕ್ಕೆ ಹೋಗುತ್ತೀರಿ ಎಂಬುದರ ಮೇಲೆ ಸಾಮಾನ್ಯವಾಗಿ 14ರಿಂದ 18 ಗಂಟೆ ಹಿಡಿಯುತ್ತದೆ. ಈ ಹಡಗುಗಳು ಲಕ್ಷದ್ವೀಪ ಆಡಳಿತದವು. ಸಾಮಾನ್ಯ ದರ್ಜೆಯ ಟಿಕೆಟ್ಟನ್ನಷ್ಟೇ ನೋಡಿದರೆ ಚಿತ್ರದುರ್ಗ ಜಿಲ್ಲೆ ಹೊಳಲ್ಕೆರೆಯ ಸಣ್ಣ ಅಡಿಕೆ ತೋಟದವರ ಕೈಗೂ ಎಟುಕುವ ಪ್ರಯಾಣ. ದುಡ್ಡು ಕರಗುವುದು ಆ ರಾತ್ರಿಯ ಹಿಂದುಮುಂದಿನ ದಿನಗಳಲ್ಲಿ.

ಈ ಅಂಕಣ ಬರೆಯುವವಳ ತವರು ಹಿರಿಯೂರು, ಗಂಡನ ಮನೆ ಹೊಸದುರ್ಗದ ಹತ್ತಿರದ ಹಳ್ಳಿ. ಮನೆಯವರೆಲ್ಲ ಲಕ್ಷದ್ವೀಪಕ್ಕೆ ಹೋಗುವ ಮಾತೆತ್ತಿದಾಗ ಮಾವ ಟಿಕೆಟ್ ದರ ಕೇಳಲೇ ಇಲ್ಲ. “ಹಡಗು ಒಂದಿನ ತಡ ಆದ್ರೆ ತೋಟಕ್ಕೆ ನೀರು ಬಿಡೋರು ಯಾರಮ್ಮ? ತ್ರೀ ಫೇಸ್ ಕರೆಂಟು ನಡುರಾತ್ರಿ ಬಂದ್ರೆ?” ಎಂದರು. ಅವಳ ಬಜೆಟ್ ಶುರುವಾದದ್ದು ಅಲ್ಲಿಂದ. ನೋಟ್‌ಬುಕ್ಕಿನ ಮೊದಲ ಸಾಲಿನಲ್ಲೇ ಮೋಟರ್ ಹಾಕಿ, ಹಸು ಕರೆದು, ಮನೆ ಕಾಯುವ ಆಳಿನ ಕೂಲಿ ಬಂತು, ಅದೂ ಎರಡು ದಿನ ಹೆಚ್ಚಿಗೆ ಸೇರಿಸಿ. ತೋಟ, ದನ ಇರುವ ಮನೆಗೆ ಪ್ರವಾಸದ ನಿಜವಾದ ಮೊದಲ ಖರ್ಚು ಇದು. ಟ್ರಾವೆಲ್ ಏಜೆಂಟರ ಯಾವ ಪಟ್ಟಿಯಲ್ಲೂ ಇದು ಕಾಣುವುದಿಲ್ಲ.

ಎರಡನೆಯ ಸಾಲು ಗಾಳಿ-ಮಳೆಗೆ. ಮೇ ನಡುವಿನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರ ಒರಟು. ಆ ತಿಂಗಳುಗಳನ್ನು ಪ್ರವಾಸಿಗರು ಬಿಟ್ಟುಬಿಡುವುದೇ ಸರಿ. ಹಾಗೆಂದು ಉಳಿದ ಕಾಲ ಪೂರ್ತಿ ಸಲೀಸೆಂದೂ ಅಲ್ಲ. ಓಖಿ ಚಂಡಮಾರುತ ಲಕ್ಷದ್ವೀಪಕ್ಕೆ ಬಡಿದದ್ದು 2017ರ ಡಿಸೆಂಬರ್ ಮೊದಲ ವಾರದಲ್ಲಿ, ಅಂದರೆ ಜನ ಹೆಚ್ಚಾಗಿ ಓಡಾಡುವ ಹೊತ್ತಿನಲ್ಲೇ. ಹಡಗಿನ ವೇಳಾಪಟ್ಟಿಯನ್ನು ಆಡಳಿತವೇ ‘ಬದಲಾಗಬಹುದು’ ಎಂಬ ಷರತ್ತಿನೊಂದಿಗೆ ಪ್ರಕಟಿಸುತ್ತದೆ. ಬಸ್ಸಿನ ಟೈಮ್ ನೋಡುವಂತೆ ಅದನ್ನು ನೋಡಿ ಮುಂದಿನ ರೈಲು ಹಿಡಿಯುವ ಲೆಕ್ಕ ಹಾಕಿದರೆ ಕೆಟ್ಟಿತು.

ಇಲ್ಲೊಂದು ತೊಡಕಿದೆ, ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಹೊಸದುರ್ಗ, ಹೊಳಲ್ಕೆರೆಯವರು ಹೊಸದುರ್ಗ ರೋಡ್ ಇಲ್ಲವೇ ಚಿಕ್ಕಜಾಜೂರಿನಲ್ಲಿ ರೈಲು ಹತ್ತಿ ಬೆಂಗಳೂರು ಸೇರಬೇಕು. ಹಿರಿಯೂರಿನವರಿಗೆ ಹೆದ್ದಾರಿಯ ಬಸ್ಸೇ ಅನುಕೂಲ. ಬೆಂಗಳೂರಿನಿಂದ ಕೊಚ್ಚಿಯ ಎರ್ನಾಕುಲಕ್ಕೆ ಇನ್ನೊಂದು ರೈಲು. 2024ರ ನವೆಂಬರ್ 1ರಿಂದ ರೈಲ್ವೆ ಮುಂಗಡ ಬುಕಿಂಗ್ ಅವಧಿ 120 ದಿನದಿಂದ 60 ದಿನಕ್ಕೆ ಇಳಿದಿದೆ. ರಜೆಯ ದಿನಗಳಿಗೆ ಬರ್ತ್ ಬೇಕಿದ್ದರೆ ಆ ಅರವತ್ತನೆಯ ದಿನವೇ ಕೂತು ಬುಕ್ ಮಾಡಬೇಕು. ಆದರೆ ಅಷ್ಟು ಮೊದಲೇ ಹಡಗಿನ ದಿನ ಖಚಿತವಾಗಿರುವುದಿಲ್ಲ. ಅವಳು ಕಂಡುಕೊಂಡ ದಾರಿ ಇದು: ಹಡಗಿಗಿಂತ ಒಂದು ದಿನ ಮೊದಲು ಕೊಚ್ಚಿ ಮುಟ್ಟುವ ರೈಲು, ಹಡಗು ವಾಪಸಾಗುವ ದಿನವನ್ನು ಬಿಟ್ಟು ಮರುದಿನ ಸಂಜೆಯ ರೈಲು. ಎರಡೂ ಮಾಮೂಲಿ ಕೋಟಾದ ಟಿಕೆಟ್, ಏಕೆಂದರೆ ರದ್ದು ಮಾಡಿದರೆ ಸ್ವಲ್ಪ ಕಳೆದು ಉಳಿದದ್ದು ಬರುತ್ತದೆ. ಖಾತರಿಯಾದ ತತ್ಕಾಲ್ ಟಿಕೆಟ್ಟನ್ನು ರದ್ದು ಮಾಡಿದರೆ ಬಿಡಿಗಾಸೂ ಬರುವುದಿಲ್ಲ.

ಕೊಚ್ಚಿಯ ಆ ಎರಡು ಲಾಡ್ಜ್ ರಾತ್ರಿಗಳು ದಂಡ ಅನ್ನಿಸಿದವು ಗಂಡನಿಗೆ. ಆದರೆ ವಾಪಸು ಬರುವಾಗ ಗಾಳಿಯಿಂದ ಹಡಗು ತಡವಾಗಿ ಧಕ್ಕೆಗೆ ಬಂತು. ಅದೇ ಸಂಜೆಯ ರೈಲಿಗೆ ಟಿಕೆಟ್ ಮಾಡಿಸಿದ್ದ ಸಹಪ್ರಯಾಣಿಕರು ಧಕ್ಕೆಯ ಮೇಲೇ ನಿಂತು ಹೊಸ ಟಿಕೆಟ್ಟಿಗೆ ಫೋನು ಒತ್ತುತ್ತಿದ್ದರು. ಇವರು ಲಾಡ್ಜಿಗೆ ಹೋಗಿ ಸ್ನಾನ ಮಾಡಿ ಮಲಗಿದರು.

ಇನ್ನು ಪರವಾನಗಿ. 1967ರ ನಿಯಮಗಳ ಪ್ರಕಾರ ದ್ವೀಪದವರಲ್ಲದ ಭಾರತೀಯರಿಗೂ ಪ್ರವೇಶ ಪರವಾನಗಿ ಬೇಕು. ಅದು ಕೈಗೆ ಬರುವ ಮೊದಲು ವಾಪಸು ಸಿಗದ ಯಾವುದಕ್ಕೂ ದುಡ್ಡು ಕಟ್ಟಬಾರದು.

ಬಿಡಿ ಟಿಕೆಟ್ಟೋ, ಪ್ಯಾಕೇಜೋ? ಲಕ್ಷದ್ವೀಪ ಆಡಳಿತದ ‘ಸ್ಪೋರ್ಟ್ಸ್’ ಸಂಸ್ಥೆ ‘ಸಮುದ್ರಂ’ ಎಂಬ ಐದು ದಿನಗಳ ಪ್ಯಾಕೇಜ್ ನಡೆಸುತ್ತದೆ. 700 ಜನ ಹಿಡಿಯುವ ಎಂ.ವಿ. ಕವರತ್ತಿ ಹಡಗಿನಲ್ಲಿ ರಾತ್ರಿ ನಿದ್ದೆ, ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್. ದರ ಮೊದಲ ನೋಟಕ್ಕೆ ಭಾರ ಅನ್ನಿಸುತ್ತದೆ. ಆದರೆ ಊಟ, ವಾಸ, ಪರವಾನಗಿಯ ಓಡಾಟ ಎಲ್ಲ ಕೂಡಿಸಿದರೆ, ವಯಸ್ಸಾದವರಿರುವ ಕುಟುಂಬದ ಮೊದಲ ಪ್ರಯಾಣಕ್ಕೆ ಅದೇ ಮೇಲು ಎಂಬುದು ಅವಳ ಖಚಿತ ಅಭಿಪ್ರಾಯ. ಒಂದು ಎಚ್ಚರಿಕೆ: ಎಲ್ಲ ದ್ವೀಪಗಳಲ್ಲೂ ದೊಡ್ಡ ಹಡಗು ದಡಕ್ಕೆ ತಾಗುವುದಿಲ್ಲ, ನೀರಿನ ಮೇಲೇ ಸಣ್ಣ ದೋಣಿಗೆ ಇಳಿಯಬೇಕಾಗುತ್ತದೆ. ಮಂಡಿನೋವಿನ ಅತ್ತೆ-ಮಾವಂದಿರಿದ್ದರೆ ಬುಕ್ ಮಾಡುವ ಮೊದಲೇ ವಿಚಾರಿಸಿ. ಬಿಡಿ ಟಿಕೆಟ್ ಬೇಕೆನ್ನುವವರು ಇನ್ನೊಂದನ್ನು ನೆನಪಿಡಬೇಕು. ದ್ವೀಪದ ಜನ ಆಸ್ಪತ್ರೆಗೆ, ಕಾಲೇಜಿಗೆ ಕೊಚ್ಚಿಗೆ ಬರುವುದು ಇದೇ ಹಡಗುಗಳಲ್ಲಿ. ‘ಇರಲಿ’ ಎಂದು ಎರಡೆರಡು ದಿನಾಂಕಕ್ಕೆ ಬರ್ತ್ ಹಿಡಿದಿಡುವುದು ಅವರಿಗೆ ಮಾಡುವ ಅನ್ಯಾಯ.

ದುಡ್ಡು ಹೊಂದಿಸಿದ್ದು ಪಿಗ್ಮಿಯಿಂದ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲಿ ಉಳಿತಾಯ ಕೂಡಿಸುವ ಈ ಪದ್ಧತಿ ಶುರುಮಾಡಿತು. ಬಹುಕಾಲ ಲಕ್ಷದ್ವೀಪದ ಲೀಡ್ ಬ್ಯಾಂಕೂ ಅದೇ ಆಗಿತ್ತು. 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಹಿರಿಯೂರಿನ ತವರಿನ ಅಂಗಡಿಗೆ ಪಿಗ್ಮಿ ಕಲೆಕ್ಟರ್ ಬರುವುದನ್ನು ನೋಡುತ್ತ ಬೆಳೆದವಳಿಗೆ ಬೇರೆ ದಾರಿ ತೋಚಲಿಲ್ಲ. ದಿನಕ್ಕೆ 100 ರೂಪಾಯಿಯಂತೆ, ಭಾನುವಾರ-ಹಬ್ಬ ಕಳೆದು 300 ದಿನ ಕಟ್ಟಿದರೂ ಅಸಲೇ 30,000 ಆಗುತ್ತದೆ. ಬಡ್ಡಿ ಹೆಚ್ಚೇನಿಲ್ಲ, ಅವಧಿಗೆ ಮುಂಚೆ ಮುರಿದರೆ ಇನ್ನೂ ಕಡಿಮೆ. ಆದರೂ ಚೀಟಿ ಕೂಗಿ ಎತ್ತಿ ಪ್ರವಾಸಕ್ಕೆ ಹೋಗಿ, ಬಂದಮೇಲೆ ತಿಂಗಳುಗಟ್ಟಲೆ ಕಂತು ಕಟ್ಟುವುದಕ್ಕಿಂತ ಎಷ್ಟೋ ವಾಸಿ. ಉಳಿದದ್ದಕ್ಕೆ ಅಡಿಕೆ ಮಾರಿದ ದುಡ್ಡು. ಭೀಮಸಮುದ್ರದ ಮಂಡಿಗೆ ಹೊಸ ಅಡಿಕೆ ಬರುವ ತಿಂಗಳುಗಳೂ ಸಮುದ್ರ ಶಾಂತವಾಗಿರುವ ತಿಂಗಳುಗಳೂ ಹೆಚ್ಚುಕಡಿಮೆ ಒಂದೇ ಆದದ್ದು ನಮ್ಮ ಜಿಲ್ಲೆಯ ರೈತರ ಅದೃಷ್ಟ.

ಕೊಚ್ಚಿಯಿಂದ ಎಳೆದ ಸಮುದ್ರದಡಿಯ ಆಪ್ಟಿಕಲ್ ಕೇಬಲ್ 2024ರ ಜನವರಿ 3ರಂದು ಉದ್ಘಾಟನೆಯಾದ ಮೇಲೆ ದ್ವೀಪಗಳಲ್ಲಿ ಇಂಟರ್ನೆಟ್ ಸುಧಾರಿಸಿದೆ. ಆದರೂ ನಡುಸಮುದ್ರದಲ್ಲಿ ಫೋನ್‌ಪೇ ನಂಬಿ ಕೂರುವಂತಿಲ್ಲ. ಸಣ್ಣ ನೋಟುಗಳು ಜೇಬಿನಲ್ಲಿರಲಿ.

ಹೊಸದುರ್ಗದವರಿಗೆ ಕೊಚ್ಚಿಗಿಂತ ಮಂಗಳೂರು ಎಷ್ಟೋ ಹತ್ತಿರ. ದ್ವೀಪಗಳ ಹಳೆಯ ನಂಟೂ ಅಲ್ಲಿಯದೇ. 1787ರಲ್ಲಿ ಅಮಿನಿ, ಕಡ್ಮತ್ ಮೊದಲಾದ ದ್ವೀಪಗಳು ಟಿಪ್ಪುವಿನ ಕೈಗೆ ಬಂದಾಗ, 1779ರಲ್ಲಿ ಹೈದರಾಲಿ ಗೆದ್ದಿದ್ದ ಚಿತ್ರದುರ್ಗವೂ ಅದೇ ರಾಜ್ಯದಲ್ಲಿತ್ತು. ಆಮೇಲೆ 1956ರವರೆಗೆ ಆ ದ್ವೀಪಗಳ ಆಡಳಿತ ದಕ್ಷಿಣ ಕನ್ನಡದ್ದು. ಮಂಗಳೂರಿನ ಹಳೆ ಬಂದರಿನಿಂದ ಸರಕು ಇಂದಿಗೂ ದ್ವೀಪಗಳಿಗೆ ಹೋಗುತ್ತದೆ. 2024ರ ಮೇ ತಿಂಗಳಲ್ಲಿ ‘ಪರಳಿ’ ಎಂಬ ವೇಗದ ಹಡಗು ಲಕ್ಷದ್ವೀಪದಿಂದ ಆ ಬಂದರಿಗೆ ಪ್ರಯಾಣಿಕರನ್ನೂ ಕರೆತಂದಿತ್ತು. ಮಂಗಳೂರಿನ ಸೇವೆ ಖಾಯಂ ಆಗಿ ವೇಳಾಪಟ್ಟಿಗೆ ಬಂದರೆ ಬೆಂಗಳೂರು ಸುತ್ತುವ ಎರಡು ರೈಲುಗಳ ಖರ್ಚು ಉಳಿದು ಆಳಿನ ಕೂಲಿಯೂ ಎರಡು ದಿನ ತಗ್ಗುತ್ತದೆ. ಮಾವ ಈಗ ಆಗಾಗ ವಿಚಾರಿಸುವುದು ಅದನ್ನೇ. ಸದ್ಯಕ್ಕೆ ಅವಳ ನೋಟ್‌ಬುಕ್ಕಿನ ಲೆಕ್ಕ ಕೊಚ್ಚಿಯದು, ಪಿಗ್ಮಿ ಪಾಸ್‌ಬುಕ್ ಮಾತ್ರ ಹೊಸದು.