ಪಾದ ಮುಟ್ಟದಿದ್ದರೂ ದರ್ಶನವೇ

ಅಥಣಿಯ ಸಹೋದರಿಯವರೇ, ಮೊಣಕಾಲು ನೋವಿರುವ ಅತ್ತೆಯವರನ್ನು ಮೊದಲ ಸಲ ಪಂಢರಪುರಕ್ಕೆ ಆಷಾಢ ಏಕಾದಶಿಗೇ ಕರೆದೊಯ್ಯಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ, ಗದ್ದಲವಿಲ್ಲದ ದಿನ ಹೋಗಿ. ಏಕಾದಶಿಗೆ ಲಕ್ಷಗಟ್ಟಲೆ ಜನ ಸೇರುತ್ತಾರೆ, ವಿಠ್ಠಲನ ಪಾದ ಮುಟ್ಟುವ ಸಾಲಿನಲ್ಲಿ ಗಂಟೆಗಟ್ಟಲೆ ನಿಲ್ಲಬೇಕು. ದೂರದಿಂದ ನೋಡುವ ಮುಖದರ್ಶನದ ಸಾಲು ಬೇರೆಯೇ ಇದೆ, ಬೇಗ ಸರಿಯುತ್ತದೆ. ಪಾದ ಮುಟ್ಟದಿದ್ದರೆ ಯಾತ್ರೆ ಅರ್ಧವಾಯಿತಲ್ಲ ಎಂಬ ಅತ್ತೆಯವರ ಅಳುಕಿಗೆ ಆ ಊರೇ ಉತ್ತರ ಕೊಡುತ್ತದೆ. ಮಹಾದ್ವಾರದ ಮೊದಲ ಮೆಟ್ಟಿಲು ಸಂತ ನಾಮದೇವರದು. ಭಕ್ತರ ಪಾದಧೂಳಿ ಬೀಳಲೆಂದು ಅವರೇ ಬೇಡಿಕೊಂಡ ಜಾಗವೆಂಬ ನಂಬಿಕೆಯಿದೆ. ಜನ ಅದನ್ನು ತುಳಿಯದೆ ಬಾಗಿ ಹಣೆ ಹಚ್ಚುತ್ತಾರೆ. ಎದುರಿಗೇ ಸಂತ ಚೋಖಾಮೇಳರ ಸಮಾಧಿ. ಜಾತಿಯ ಕಾರಣಕ್ಕೆ ಅವರನ್ನು ಹೊರಗೇ ನಿಲ್ಲಿಸಿದರು. ದಲಿತರಿಗೆ ಗುಡಿ ತೆರೆದದ್ದು 1947ರಲ್ಲಿ, ಸ್ವಾತಂತ್ರ್ಯ ಹೋರಾಟಗಾರ ಸಾನೆ ಗುರೂಜಿಯವರ ಉಪವಾಸದ ನಂತರ. ಹೊರಗೆ ನಿಂತ ಚೋಖಾಮೇಳರ ಭಕ್ತಿ ಕಡಿಮೆಯದೆಂದು ವಿಠ್ಠಲನ ಯಾತ್ರಿಕನಾದ ಯಾವ ವಾರಕರಿ ಹೇಳಿಯಾನು?

ಏಕಾದಶಿಯ ಪುಣ್ಯ ತಪ್ಪುತ್ತದೆ ಎನ್ನಬಹುದು. ಆದರೆ ದಿನಗಟ್ಟಲೆ ನಡೆದು ಬಂದ ವಾರಕರಿಗಳಲ್ಲೇ ಎಷ್ಟೋ ಮಂದಿ ಅಂದು ಕಳಸಕ್ಕೆ ಕೈಮುಗಿದು ತೃಪ್ತಿಯಿಂದ ಮರಳುತ್ತಾರೆ. ಬಸ್ಸಿನ ಕುಲುಕಾಟ ಬೇಡವೆನಿಸಿದರೆ ಕಾಗವಾಡದ ಮೇಲೆ ಮಿರಜಕ್ಕೆ ಹೋಗಿ ರೈಲು ಹತ್ತಿ. ಚಂದ್ರಭಾಗಾ ನದಿಯ ಒದ್ದೆ ಮೆಟ್ಟಿಲಲ್ಲಿ ಅತ್ತೆಯವರ ಕೈ ಬಿಡಬೇಡಿ. ರುಕ್ಮಿಣಿಯ ಗುಡಿ ಪ್ರತ್ಯೇಕವಾಗಿದೆ. ಅವಸರದಲ್ಲಿ ಅದನ್ನು ಬಿಟ್ಟು ಬರಬೇಡಿ.