ಖಾನಾಪುರದ ಬಸ್ಸಿಗೆಂದು ಎತ್ತಿಟ್ಟ ದುಡ್ಡು

ಹೆಂಡತಿ ತವರಿಗೆ ಹೊರಟ ದಿನ ನಮ್ಮ ಖೋಲಿಯ ಮುಂದೆ ಟೆಂಪೊ ನಿಂತಿತ್ತು. ಹೊಲಿಗೆ ಮಷಿನ್, ಎರಡು ಟ್ರಂಕು, ಗ್ಯಾಸ್ ಒಲೆ. ಓಣಿಯವರು ಬಾಗಿಲಿಗೆ ಬಂದು ನೋಡಿದರು. 2009ರ ಮಾರ್ಚ್, ಮದುವೆಯಾಗಿ ಒಂಬತ್ತು ತಿಂಗಳಾಗಿತ್ತು.

ನಾನು ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಮೋಲ್ಡರ್. 2008ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಲೆಹ್ಮನ್ ಬ್ರದರ್ಸ್ ಮುಳುಗಿದಾಗ ಅದು ನಮ್ಮ ಕುಲುಮೆಯವರೆಗೆ ಬಂದೀತೆಂದು ಅನ್ನಿಸಿರಲಿಲ್ಲ. ಲಾರಿ ಮಾರಾಟ ಕುಸಿಯಿತು, ಬಿಡಿಭಾಗಗಳ ಎರಕದ ಆರ್ಡರ್ ನಿಂತಿತು. ಮೊದಲು ಓವರ್‌ಟೈಮ್ ಹೋಯಿತು, ಆಮೇಲೆ ಲೇ-ಆಫ್. ಗುತ್ತಿಗೆ ಹುಡುಗರನ್ನು ಮನೆಗೆ ಕಳಿಸಿದಾಗ ನಾವು ಗೇಟಿನ ಮುಂದೆ ಕುಳಿತೆವು. ಕುಳಿತದ್ದು ಸರಿ ಎಂದು ಇವತ್ತಿಗೂ ಹೇಳುತ್ತೇನೆ. ಕೆಲವೇ ದಿನದಲ್ಲಿ ಬೀಗಮುದ್ರೆಯ ನೋಟಿಸ್ ಬಿತ್ತು.

ಅದೇ ತಿಂಗಳು, ನಾನು ದಿನಾ ಪಿಗ್ಮಿ ಕಟ್ಟುತ್ತಿದ್ದ ಸೊಸೈಟಿಯೂ ಬಾಗಿಲು ಹಾಕಿತು. ಬ್ಯಾಂಕಿನ ಠೇವಣಿಗೆ, ಸಹಕಾರಿ ಬ್ಯಾಂಕಿನದಕ್ಕೂ, ಆಗ 1 ಲಕ್ಷ ರೂಪಾಯಿವರೆಗೆ ವಿಮೆ ಇತ್ತು. 2020ರಿಂದ 5 ಲಕ್ಷ. ಪತ್ತಿನ ಸೊಸೈಟಿಗೆ ಆ ವಿಮೆ ಆಗಲೂ ಇಲ್ಲ, ಈಗಲೂ ಇಲ್ಲ. ಏಜೆಂಟ್ ದಿನಾ ಸಂಜೆ ಬಂದು ಚಹಾ ಕುಡಿದು ಹೋಗುತ್ತಿದ್ದ. ಅವನನ್ನು ಈ ಮಾತು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಸೊಸೈಟಿ ಮುಚ್ಚಿದ ರಾತ್ರಿ ಹೆಂಡತಿ ನೋಟ್‌ಬುಕ್ ತೆರೆದಳು. "ಖೋಲಿ ಬಾಡಿಗಿ ಬಿಡೂಣ್ರಿ. ಅಪ್ಪನ ಮನ್ಯಾಗ ಅಕ್ಕಿ ಐತಿ, ನಾ ಅಲ್ಲೇ ಕುಬಸ ಹೊಲೀತೀನಿ. ನೀವು ಗೆಳ್ಯಾನ ಖೋಲ್ಯಾಗ ಇರ್ರಿ." ಖರ್ಚಿನ ಪಟ್ಟಿಯಲ್ಲಿ ಮೊದಲ ಸಾಲು 'ಬಸ್ಸು' ಎಂದಿತ್ತು, ಪ್ರತಿ ಭಾನುವಾರ ನಾನು ಖಾನಾಪುರಕ್ಕೆ ಹೋಗಿಬರಲು. ಕಿರಾಣಿ ಬಾಕಿ ಅದರ ಕೆಳಗೆ.

ಓಣಿಯಲ್ಲಿ ಹೆಂಡತಿ ಬಿಟ್ಟುಹೋದಳೆಂದರು. ಬಸ್ಸು ನಮ್ಮ ಫೌಂಡ್ರಿಯ ಗೇಟಿನ ಮುಂದೆಯೇ ಹಾದು ಪೀರನವಾಡಿ ದಾಟುತ್ತಿತ್ತು. ಒಂದೆರಡು ಸಲ ಆ ಬೀಗ ನೋಡಿ, ಓಣಿಯವರ ಮಾತೇ ನಿಜವೇನೋ ಎಂದು ನನಗೂ ಅನ್ನಿಸಿದ್ದುಂಟು.

ಆದರೆ ತಪ್ಪು ಮಾಡಿದ್ದು ನಾನು. ಮದುವೆ ಖರ್ಚಿಗೆ ತಂದ ಕೈಸಾಲವೊಂದನ್ನು ಆ ಪಟ್ಟಿಯಲ್ಲಿ ಬರೆಸಿರಲಿಲ್ಲ. ತಿಂಗಳಿಗೆ ನೂರಕ್ಕೆ 5 ಬಡ್ಡಿ, ವರ್ಷಕ್ಕೆ 60. ಸಾಲ ಕೊಟ್ಟವನು ಖಾನಾಪುರಕ್ಕೇ ಹೋಗಿ ಮಾವನ ಅಂಗಳದಲ್ಲಿ ನಿಂತ. ಮುಂದಿನ ಭಾನುವಾರ ಅವಳು ಊಟಕ್ಕೆ ಬಡಿಸಿದಳು, ಮಾತಾಡಲಿಲ್ಲ. ಅದರ ಮುಂದಿನ ಭಾನುವಾರವೂ. ಬೀಗ ಬಿದ್ದಾಗಲೂ ನನಗೆ ಅಷ್ಟು ಭಯವಾಗಿರಲಿಲ್ಲ. ಮೂರನೆಯ ವಾರ ಕೇಳಿದಳು: "ಇನ್ನೂ ಏನರ ಐತೇನ್ರಿ? ಇದ್ರ ಈಗ ಹೇಳ್ರಿ, ಬರ್ಕೋತೀನಿ."

ದಾರಿ ಸಿಕ್ಕದ್ದು ಯೂನಿಯನ್ನಿನ ಹಿರಿಯರೊಬ್ಬರಿಂದ. ನಮ್ಮ ಪಾಲಿಗೆ ಲೇ-ಆಫ್, ಮುಷ್ಕರ, ಬೀಗಮುದ್ರೆ ಎಲ್ಲವೂ ಸಂಬಳವಿಲ್ಲದ ದಿನಗಳೇ. ಕಾನೂನಿಗೆ ಅವು ಬೇರೆ ಬೇರೆ. ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಯಂತೆ, 50 ಅಥವಾ ಹೆಚ್ಚು ಕಾರ್ಮಿಕರಿದ್ದ ಕಾರ್ಖಾನೆಯಲ್ಲಿ ವರ್ಷ ದುಡಿದವರಿಗೆ ಲೇ-ಆಫ್ ದಿನಗಳಿಗೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧ ಸಿಗಬೇಕಿತ್ತು. ಪರಿಹಾರವಿಲ್ಲದೆ 15 ದಿನಕ್ಕಿಂತ ಹೆಚ್ಚು ಕಾರ್ಖಾನೆ ಮುಚ್ಚಿದ್ದರೆ ಪಿಎಫ್‌ನ ನಮ್ಮ ಪಾಲಿನಿಂದ ಮುಂಗಡ ಪಡೆಯಬಹುದಿತ್ತು, ತಿರುಗಿ ಕಟ್ಟಬೇಕಿರಲಿಲ್ಲ. ಸಂಬಳ ನಿಂತದ್ದು ಮುಷ್ಕರದಿಂದಾದರೆ ಆ ದಾರಿ ಇರಲಿಲ್ಲ. ಹಾಗಾಗಿ ಗೇಟಿಗೆ ಅಂಟಿಸಿದ್ದ ನೋಟಿಸಿನ ತಾರೀಖೇ ನಮಗೆ ಮುಖ್ಯವಾಯಿತು.

ಪಿಎಫ್ ಹಣ ಬಂದ ದಿನವೇ ಇಬ್ಬರೂ ಹೋಗಿ ಆ ಕೈಸಾಲ ತೀರಿಸಿದೆವು. ಚೀಟಿಯನ್ನು ಅವಳೇ ಕೇಳಿ ಪಡೆದು, ಅಲ್ಲೇ ಹರಿದಳು.

ಆಗಸ್ಟಿನಲ್ಲಿ ಗೇಟು ತೆರೆಯಿತು. ಹೊಲಿಗೆ ಮಷಿನ್ ವಾಪಸು ತರುವ ಟೆಂಪೊದ ಬಾಡಿಗೆಯನ್ನು ಅವಳು 'ಬಸ್ಸು' ಅನ್ನುವ ಸಾಲಿನಲ್ಲಿ ಉಳಿದಿದ್ದ ದುಡ್ಡಿನಿಂದಲೇ ಕೊಟ್ಟಳು.